ನಾನು ಕೊಟ್ಟ ಒರೆ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಂದೋ ಲೇತ್ ಯಂತ್ರದಿಂದ ಉಕ್ಕಿನ ಚಕ್ಕೆಯೊಂದು ಸಿಡಿದು ಬಡಿದದ್ದಂತೆ. ಆಮೇಲೆ ಆ ಉಗುರು ಮತ್ತೆ ಒಂದಾಗಲೇ ಇಲ್ಲ. ಚರ್ಮ ಹೊಲಿಯುವಾಗ ಮೇಣ ಹಚ್ಚಿದ ದಾರವನ್ನು ಅವರು ಆ ಸೀಳಿನಲ್ಲಿ ಸಿಕ್ಕಿಸಿ ಬಿಗಿಯಾಗಿ ಎಳೆಯುತ್ತಿದ್ದರು. “ದೇವ್ರು ನಂಗೊಂದು ಹತ್ಯಾರ ಹೆಚ್ಚಿಗಿ ಕೊಟ್ಟಾನ” ಎನ್ನುವರು.

ಮುಂಬೈ ಹತ್ತಿರದ ಠಾಕುರ್ಲಿಯಲ್ಲಿ ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ಅವರ ಮನೆ. ವಿಜಯಪುರದ ಕಡೆಯವರು, ಡೊಂಬಿವ್ಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಮರಾಠಿಯವರಿಗೂ ಕನ್ನಡದವರಿಗೂ ಅವರು ಕಾಕಾ. ಅವರ ಹೆಂಡತಿ ಕಾಕು. ನಾನು ಉಡುಪಿ ಕಡೆಯವರ ಮಗ, ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ತುಳು, ನವಿ ಮುಂಬೈಯ ಆಫೀಸಿನಲ್ಲಿ ಹಿಂದಿ ಇಂಗ್ಲಿಷು. ನಾನು ಮೊದಲ ಸಲ ಅವರೊಡನೆ ಕನ್ನಡದಲ್ಲಿ ಮಾತಾಡಿದಾಗ ಅವರು ಕೈಮುಗಿದು, “ಹಿಂಗ ಮಾತಾಡಿದ್ರ ನಾ ಎದ್ದು ನಿಂತ ಕೇಳ್ಬೇಕಾಗ್ತೈತಿ ತಮ್ಮಾ. ಸಾಲಿ ಮಾಸ್ತರು ಪಾಠ ಓದಿದಂಗ ಐತಿ” ಎಂದಿದ್ದರು.

ಕಾಕಾ ತೀರಿಹೋಗಿ ಏಳೆಂಟು ತಿಂಗಳಾಯಿತು. ಅವರು ಕೈಯಾರೆ ಹೊಲಿದ ಚಾಕುವಿನ ಒರೆ ಕೈಕೊಟ್ಟಿತು, ಅದರಿಂದಲೇ ಅವರು ಹೋದರು ಎಂದು ನಮ್ಮ ಚಾರಣದ ಗುಂಪಿನ ಬಹಳ ಮಂದಿ ಇನ್ನೂ ನಂಬಿದ್ದಾರೆ. ಅದು ನಿಜವಲ್ಲ. ನಿಜವೇನೆಂದು ಹೇಳುವ ಮೊದಲು ಅವರ ಕೈ ಎಂಥದ್ದಿತ್ತು ಎಂಬುದನ್ನು ಹೇಳಬೇಕು.

ಆ ಚಾಕು ಮಡಚುವಂಥದ್ದಲ್ಲ. ಗೇಣುದ್ದದ ಅಲಗು, ಮರದ ಹಿಡಿ. ಹಳೆಯ ಗರಗಸದ ಉಕ್ಕನ್ನು ತಿಂಗಳುಗಟ್ಟಲೆ ಉಜ್ಜಿ ಅವರೇ ಮಾಡಿದ್ದು. ಬೆಟ್ಟದ ದಾರಿಗೆ ಅಡ್ಡ ಬೆಳೆದ ಮುಳ್ಳುಕಂಟಿ ಸವರಲು, ಸಿಕ್ಕಿಬಿದ್ದ ಹಗ್ಗ ಕೊಯ್ಯಲು, ತುದಿ ತಲುಪಿದ ಮೇಲೆ ಎಲ್ಲರಿಗೂ ಸೌತೆಕಾಯಿ ಹೆಚ್ಚಲು ಅದೇ ಚಾಕು. ರೈಲಿನಲ್ಲಿ ಅದನ್ನು ಒರೆಯ ಸಮೇತ ಹಳೆಯ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕುವರು. ಬೆಟ್ಟದ ಬುಡದಲ್ಲಿ ಮಾತ್ರ ಬೆಲ್ಟಿಗೆ ಏರಿಸುವರು.

ಒರೆ ನೋಡಲು ಚೆಂದವಿರಲಿಲ್ಲ. ಎಮ್ಮೆಯ ದಪ್ಪ ಚರ್ಮದ ಎರಡು ಪದರ, ಎಣ್ಣೆ ಕುಡಿದು ಕಪ್ಪಾದದ್ದು. ಅಲಗಿನ ಹರಿತ ತಾಗುವ ಅಂಚಿನಲ್ಲಿ ಆ ಎರಡು ಪದರಗಳ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಟ್ಟು ಹೊಲಿದಿದ್ದರು. ಅದು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

“ಚಾಕು ಮೊದ್ಲ ಕೊಯ್ಯೋದು ತನ್ನ ಮನೀನ” ಎಂದರು. “ಹೊಲಿಗಿ ಹರೀತಂದ್ರ ಹೊರಗ ಬರ್ತೈತಿ. ಹೊರಗ ಬಂತಂದ್ರ ಅದಕ್ಕ ಮಾಲೀಕ ಯಾರು, ಕಳ್ಳ ಯಾರು ತಿಳಿಯಂಗಿಲ್ಲ. ಈ ಪಟ್ಟಿ ನಡುವ ಕಾವಲು.”

ಒರೆ ಮಾಡುವಾಗ ಚರ್ಮವನ್ನು ನೆನೆಸಿ, ಅಲಗಿಗೆ ಪ್ಲಾಸ್ಟಿಕ್ ಸುತ್ತಿ, ಒದ್ದೆ ಚರ್ಮವನ್ನು ಅದರ ಮೇಲೆ ಒತ್ತಿ, ಬಟ್ಟೆಯ ಕ್ಲಿಪ್ಪುಗಳನ್ನು ಸಾಲಾಗಿ ಹಾಕಿ ಒಣಗಲು ಇಡುತ್ತಿದ್ದರು. ಕಾಕು ಬಾಗಿಲಲ್ಲಿ ನಿಂತು ಚಾಳಿಗೆಲ್ಲ ಕೇಳುವ ಹಾಗೆ, “ನನ್ನ ಸೀರಿ ಹಾರಿ ರೈಲಿನ ಮ್ಯಾಲ ಬೀಳ್ಲಿ. ಇವರ ಚಾಕೂಗೆ ಮಾತ್ರ ಥಂಡಿ ಹತ್ತಬಾರ್ದು” ಎಂದು ಬೈಯುವರು. ಕಾಕಾ ಕ್ಲಿಪ್ಪು ಎಣಿಸುತ್ತ, “ಇನ್ನೆರಡು ಬೇಕಾಗಿತ್ತಲ್ಲ” ಎನ್ನುವರು.

ಮಳೆಗಾಲದ ಭಾನುವಾರಗಳಂದು ಬೆಳಿಗ್ಗೆ ದೊಡ್ಡ ಗುಂಪಿನಲ್ಲಿ ಬಿಡುವಿದ್ದ ನಾವು ಹತ್ತು ಹನ್ನೆರಡು ಮಂದಿ ಕಲ್ಯಾಣ್ ಸ್ಟೇಷನ್ನಿನಲ್ಲಿ ಸೇರುತ್ತಿದ್ದೆವು. ಅಲ್ಲಿಂದ ಮುಂದಿನ ರೈಲು ಹತ್ತುವ ಮೊದಲು ಕಾಕಾನ ತಪಾಸಣೆ. ಚೀಲ, ಬಾಟಲಿ, ಬೂಟು, ಟಾರ್ಚು ಎಲ್ಲವನ್ನೂ ತಲೆಕೆಳಗು ಹಿಡಿದು ಜೋರಾಗಿ ಅಲ್ಲಾಡಿಸಬೇಕು. “ಉಲ್ಟಾ ಮಾಡು, ಝಾಡಿಸು. ಬೀಳೋದು ಇಲ್ಲೇ ಬೀಳ್ಲಿ” ಎಂಬುದು ಅವರ ಮಾತು. ಒಮ್ಮೆ ಠಾಣೆ ನಗರದ ಮಾಜಿವಾಡಾದಿಂದ ಬಂದ ಇಂಜಿನಿಯರೊಬ್ಬನ ಹೊಸ ಬೂಟು ಹಾಗೆ ಅಲ್ಲಾಡಿಸಿದಾಗ ಅಟ್ಟೆ ಬಾಯಿಬಿಟ್ಟಿತು. ಕಾಕಾ ಅವನನ್ನು ಬರಲು ಬಿಡಲಿಲ್ಲ. ಅವನು ಹಿಂದಿಯಲ್ಲಿ, “ಈ ಮುದುಕ ಯಾರು ನನ್ನನ್ನು ತಡೆಯಲಿಕ್ಕೆ?” ಎಂದು ಕೂಗಾಡಿದ. ಕಾಕಾ ಅವನಿಗೆ ಚಹಾ ಕುಡಿಸಿ, ಠಾಣೆಗೆ ಹೋಗುವ ಲೋಕಲ್ಲಿಗೆ ತಾವೇ ಹತ್ತಿಸಿ ಬಂದರು. ಮುಂದಿನ ವಾರ ಅವನು ಬೇರೆ ಬೂಟು ತಂದು, ಯಾರೂ ಹೇಳುವ ಮೊದಲೇ ಅವರ ಮುಂದೆ ಅಲ್ಲಾಡಿಸಿದ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಮೆತ್ತಗೆ. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ, ಕೊಟ್ಟವರ ಕಣ್ಣೆದುರು ಒಂದು ಸಲವಾದರೂ ಅದನ್ನು ಬಳಸಲೇಬೇಕು ಎಂಬುದು ಅವರ ರೂಢಿ. ಕೊಟ್ಟದ್ದನ್ನು ಪರೀಕ್ಷಿಸಿದರೆ ಅದು ಅವಮಾನ. ನಮ್ಮ ಗುಂಪಿನಲ್ಲಿ ಪನ್ವೇಲ್ ಪಕ್ಕದ ಕಾಮೋಠೆಯಿಂದ ಬರುವ ಒಬ್ಬಳು ಕಾಲೇಜು ಹುಡುಗಿ ಇದ್ದಳು, ರಾಯಚೂರಿನಿಂದ ಬಂದು ನೆಲೆಸಿದವರ ಮಗಳು. ಕಾಕಾ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಹಿಂದಿಯಲ್ಲಿ. “ಕಿವಿ ರಾಯಚೂರಿಂದು, ನಾಲಿಗಿ ಪನ್ವೇಲಿಂದು” ಎಂದು ಅವಳನ್ನು ಕಾಡಿಸುವರು. ಅವಳು ತಂದುಕೊಟ್ಟ ಗುಲಾಬಿ ಬಣ್ಣದ ಟೋಪಿಯನ್ನು, ಕಿವಿಗೆ ಬಿಗಿಯಾಗುತ್ತಿದ್ದರೂ, ಅವರು ಇಡೀ ದಿನ ತೆಗೆಯಲಿಲ್ಲ.

ಕಳೆದ ಮಳೆಗಾಲದ ಆರಂಭದಲ್ಲಿ ಅವರ ಚಾಕುವಿಗೆ ತುಕ್ಕು ಹಿಡಿಯಿತು. ಚರ್ಮದ ಒರೆ ನೀರು ಕುಡಿದರೆ ಬೇಗ ಆರುವುದಿಲ್ಲ. ಒಳಗಿನ ಅಲಗು ದಿನಗಟ್ಟಲೆ ತೇವದಲ್ಲೇ ಇರುತ್ತದೆ. ಹೊಸ ಒರೆ ಮಾಡುವುದೆಂದು ಅವರು ಕಾಗದದಲ್ಲಿ ಅಳತೆ ಕತ್ತರಿಸಿಟ್ಟರು. ತುದಿಯಲ್ಲಿ ನೀರಿಳಿಯಲು ಹಿತ್ತಾಳೆಯ ಪುಟ್ಟ ಉಂಗುರ ಕೂಡಿಸಿದ ಒಂದು ತೂತು, ಒಳಗೆ ಮೇಣದ ಲೇಪ. ಆದರೆ ಮಳೆ ನಿಲ್ಲದೆ ಚರ್ಮ ಒಣಗುವುದಿಲ್ಲ ಎಂದು ಕಾಯುತ್ತಿದ್ದರು.

ನಾನು ಕಾಯಲಿಲ್ಲ. ಮೊಬೈಲಿನಲ್ಲಿ ಹುಡುಕಿ ನೈಲಾನಿನ ಒರೆಯೊಂದನ್ನು ತರಿಸಿದೆ. ಕಪ್ಪು ಬಣ್ಣ, ಹಗುರ, ನೀರು ಹಿಡಿಯದು. ಪೊಟ್ಟಣ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿದ್ದೆ. ಒಳಗಿನ ಗಟ್ಟಿ ಪ್ಲಾಸ್ಟಿಕ್ಕು ತುದಿಯ ತನಕ ಇರಲಿಲ್ಲ. ಎರಡು ಬೆರಳಿನಷ್ಟು ಮೊದಲೇ ಮುಗಿದಿತ್ತು. ಅದರಾಚೆ ಬರೀ ಬಟ್ಟೆ. ಅದು ನನ್ನ ಬೆರಳಿಗೆ ತಿಳಿಯಿತು. ಕಂಪನಿಯವರು ಯೋಚಿಸಿಯೇ ಮಾಡಿರಬೇಕು ಎಂದುಕೊಂಡೆ. ಆ ಒಂದು ಕ್ಷಣಕ್ಕೆ ನಾನು ಈಗಲೂ ದಿನಕ್ಕೆ ಹಲವು ಸಲ ಹಿಂದಿರುಗುತ್ತೇನೆ.

ಶನಿವಾರ ಸಂಜೆ ಅದನ್ನು ಕಾಕಾನಿಗೆ ಕೊಟ್ಟೆ.

“ಎಂತ ಕಾಕಾ, ಹೇಗುಂಟು?”

ಅವರು ಅದನ್ನು ಅಂಗೈಯಲ್ಲಿ ತೂಗಿದರು. “ಹೂವಿನಂಗ ಐತಿ. ಇಷ್ಟು ಚೆಂದಂದು ಹಾಕ್ಕೊಂಡ್ರ ಮಂದಿ ಚಾಕು ಕಳೂವು ಮಾಡೋದಿಲ್ಲ, ಒರೀನ ಕಳೂವು ಮಾಡ್ತಾರ.” ನನ್ನೆದುರು ಅದನ್ನು ತಲೆಕೆಳಗು ಮಾಡಲಿಲ್ಲ, ಅಲ್ಲಾಡಿಸಲಿಲ್ಲ.

ಮರುದಿನ ಬೆಟ್ಟದ ಬುಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಹೊಸ ಒರೆಯನ್ನು ಬೆಲ್ಟಿಗೆ ಏರಿಸಿ ತೋರಿಸಿದರು. ಹಳೆಯದು ಸೊಂಟದ ಹಿಂದೆ ಎತ್ತರದಲ್ಲಿ ಅಂಟಿಕೊಂಡಿರುತ್ತಿತ್ತು. ಇದರ ಪಟ್ಟಿ ಉದ್ದ, ತೊಡೆಯ ತನಕ ಜೋತಾಡುತ್ತಿತ್ತು. “ನೋಡಿದೆಲ್ಲ?” ಎಂದು ನಕ್ಕು ಮೇಲೆ ರೇನ್‌ಕೋಟು ಎಳೆದುಕೊಂಡರು. ಅದನ್ನು ಕಂಡವನು ನಾನೊಬ್ಬನೇ.

ಇಳಿಯುವಾಗ ನಡೆದದ್ದು. ಪಾಚಿ ಕಟ್ಟಿದ ಇಳಿಜಾರು ಬಂಡೆ, ಅದರ ಕೆಳಗೆ ಸಪಾಟು ಜಾಗ, ಆಮೇಲೆ ಕಮರಿ. ಕಾಕಾ ಮೊದಲು ಇಳಿದು ಸಪಾಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿದುಕೊಳ್ಳುತ್ತಿದ್ದರು. “ಕುಂತ ಬರ್ರಿ. ನಾಚ್ಕೋಬ್ಯಾಡ್ರಿ, ಪ್ಯಾಂಟ್ ಹರಿದ್ರ ಕಾಕು ಹೊಲೀತಾಳ.” ನಾನು ಇಳಿದು ಅವರ ಪಕ್ಕದಲ್ಲೇ ನಿಂತಿದ್ದೆ. ಕಾಮೋಠೆಯ ಹುಡುಗಿ ಅರ್ಧ ಇಳಿದಿದ್ದಳು. ಅವಳ ಕೈ ತಪ್ಪಿತು. ಜಾರಿ ಬಂದ ರಭಸಕ್ಕೆ ಅವಳು ಕಮರಿಯ ಕಡೆಗೇ ಹೋಗುತ್ತಿದ್ದಳು. ಕಾಕಾ ಅಡ್ಡ ಬಂದು ಅವಳನ್ನು ಎರಡೂ ತೋಳಿನಲ್ಲಿ ತಬ್ಬಿ ಹಿಡಿದು, ಮಂಡಿ ಮಡಚಿ ಕುಕ್ಕರಿಸಿ ಬಿದ್ದರು. ಅವಳು ನಿಂತಳು. ಒಂದು ಗೀರೂ ಇಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೌದು, ಚಪ್ಪಾಳೆ ತಟ್ಟಿದೆವು.

ಕಾಕಾ ಏಳಲಿಲ್ಲ. ಕುಳಿತಾಗ ಆ ಒರೆ ತೊಡೆಯ ಮೇಲೆ ತಿರುಗಿ, ಚಾಕುವಿನ ತುದಿ ಬಟ್ಟೆಯನ್ನು ತೂರಿ ತೊಡೆಯ ಒಳಮಗ್ಗುಲಿಗೆ ಇಳಿದಿತ್ತು. ಬಂಡೆಯ ಮೇಲಿನ ಮಳೆನೀರು ಮೊದಲು ಕೆಂಪಾದದ್ದನ್ನು ನಾನು ನೋಡಿದೆ.

“ತಮ್ಮಾ, ಚಾಕು ಕೀಳಬ್ಯಾಡ. ಸುತ್ತ ಒತ್ತಿ ಹಿಡಿ” ಎಂದರು. ಧ್ವನಿ ಮಾಮೂಲಿನದೇ.

ಒತ್ತಿ ಹಿಡಿದೆ. ಯಾರೋ ದುಪಟ್ಟಾ ಕೊಟ್ಟರು, ಬಿಗಿಯಾಗಿ ಕಟ್ಟಿದೆವು. ಇಬ್ಬರು ಕೆಳಗಿನ ಹಳ್ಳಿಗೆ ಓಡಿದರು. ಕಾಕಾನ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹುಡುಗಿ ದೂರದಲ್ಲಿ ನಿಂತು ಗಡಗಡ ನಡುಗುತ್ತಿದ್ದಳು. ಅವರು ಅವಳ ಕಡೆ ನೋಡಿ ನನಗೆ ಮೆಲ್ಲಗೆ, “ಅಕೀ ತಪ್ಪಲ್ಲ ಅಂತ ಅಕೀಗೆ ಹೇಳು. ಮರೀಬ್ಯಾಡ” ಎಂದರು. ಒರೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಳ್ಳಿಯವರು ಕಟ್ಟಿದ ಡೋಲಿಯಲ್ಲಿ ಹೊತ್ತು ರಸ್ತೆಗೆ ತರುವಷ್ಟರಲ್ಲಿ, ನಾನು ಹಿಡಿದಿದ್ದ ಅವರ ಕೈ ನನ್ನ ಕೈಯನ್ನು ಹಿಡಿಯುವುದು ನಿಂತಿತ್ತು.

ಮುಂದಿನ ವಾರಗಳಲ್ಲಿ ಮಾತು ತಾನಾಗಿಯೇ ಹುಟ್ಟಿತು. ಆ ಗಡಿಬಿಡಿಯಲ್ಲಿ ರೇನ್‌ಕೋಟಿನಡಿಯ ಒರೆ ಯಾವುದೆಂದು ಬೇರೆ ಯಾರೂ ಗಮನಿಸಿರಲಿಲ್ಲ, ಕಾಕಾ ಒರೆ ಹೊಲಿಯುತ್ತಿದ್ದುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಹರಿದದ್ದು ಅದೇ. ಡೊಂಬಿವ್ಲಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಗುಂಪಿನ ಮುಖ್ಯಸ್ಥರು ಕಣ್ಣೊರೆಸಿಕೊಳ್ಳುತ್ತಲೇ ಹೊಸ ನಿಯಮವೊಂದನ್ನು ಓದಿದರು: ಮನೆಯಲ್ಲಿ ತಯಾರಿಸಿದ ಯಾವ ಸಲಕರಣೆಯನ್ನೂ ಇನ್ನು ಮುಂದೆ ಯಾರೂ ತರಬಾರದು, ಕಂಪನಿಯದ್ದೇ ಆಗಬೇಕು. ಎದ್ದು ನಿಲ್ಲಲು ಕುರ್ಚಿಯ ತೋಳು ಹಿಡಿದೆ. ಏಳಲಿಲ್ಲ. ಹುಡುಗಿಗೆ ‘ನಿನ್ನ ತಪ್ಪಲ್ಲ’ ಎಂದು ಹೇಳಿದೆ. ಮತ್ತೆ ಯಾರ ತಪ್ಪು ಎಂದು ಹೇಳಲಿಲ್ಲ. ಅವಳು ಬರುವುದನ್ನೇ ಬಿಟ್ಟಳು.

ಹೋದ ತಿಂಗಳು ಕಾಕುವಿನ ಮನೆಗೆ ಹೋದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೂತು, ತಲೆ ತಗ್ಗಿಸಿ, ಮೊದಲಿನಿಂದ ಕೊನೆಯ ತನಕ ಹೇಳಿದೆ. ನನ್ನ ಬೆರಳಿಗೆ ತಿಳಿದದ್ದನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ನಂಗ ಗೊತ್ತೈತಿ” ಎಂದರು.

ನಾನು ತಲೆ ಎತ್ತಿದೆ.

“ಶನಿವಾರ ನೀ ಹೋದ ಮ್ಯಾಲ ಅವರೂ ಬೆರಳು ಹಾಕಿ ನೋಡಿದ್ರು. ‘ತುದ್ಯಾಗ ಏನೂ ಇಲ್ಲ, ಬರೇ ಅರಿವಿ ಐತಿ’ ಅಂದ್ರು. ‘ಹಂಗಾರ ಹಳೇದ ಹಾಕ್ಕೋರಿ’ ಅಂದ್ನಿ. ‘ನಾಳೆ ಒಂದಿನ ಹಾಕ್ಕೋತೀನಿ, ಹುಡುಗ ನೋಡಿ ಖುಷಿ ಆಗ್ಲಿ. ಸೋಮವಾರ ಒಳಗ ಚರ್ಮ ಕೂಡಿಸಿದ್ರಾತು’ ಅಂದ್ರು.”

“ಕಾಕು, ನೀವು ನನ್ನನ್ನು ಬೈಯಿರಿ” ಎಂದೆ.

“ಯಾಕ ಬೈಲಿ? ಪ್ರೀತೀಲೆ ಕೊಟ್ಟಿ, ಪ್ರೀತೀಲೆ ಹಾಕ್ಕೊಂಡ್ರು.” ಕಾಕು ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಗ ಮೊದಲ ಸಲ ಅವರ ಧ್ವನಿ ಒಡೆಯಿತು. “ಆದ್ರ ಆ ದಿನ ಸಭಾದಾಗ ಅಷ್ಟು ಮಂದಿ ಮುಂದ ಅವರ ಕೈಕೆಲಸ ಕೆಟ್ಟಿತ್ತು ಅಂತ ಓದಿದ್ರಲ್ಲ? ನೀ ಮುಂದಿನ ಸಾಲಿನ್ಯಾಗ ಕುಂತಿದ್ದಿ. ನಾ ನಿನ್ನ ಬೆನ್ನ ನೋಡ್ಕೋತ ಕುಂತಿದ್ನಿ. ಈಗ ಏಳ್ತಾನ, ಈಗ ಏಳ್ತಾನ ಅಂತ. ಮೂವತ್ತು ವರ್ಷದಾಗ ಅವರು ಮಾಡಿದ ಒಂದು ಪೀಸ್ ಫ್ಯಾಕ್ಟರಿಗೆ ವಾಪಸ್ ಬಂದಿಲ್ಲ, ತಮ್ಮಾ. ಒಂದೂ ಬಂದಿಲ್ಲ.”

ಅವರು ಎದ್ದು ಚಹಾಕ್ಕೆ ನೀರಿಟ್ಟರು. ನನಗೂ ಸೇರಿಸಿಯೇ ಇಟ್ಟರು.

ಆ ವಾರವೇ ಕಾಮೋಠೆಗೆ ಹೋಗಿ ಹುಡುಗಿಗೆ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಕೊನೆಗೆ, “ಹೋಗ್ರಿ ನೀವು” ಎಂದಳು, ಕನ್ನಡದಲ್ಲಿ. ಭಾನುವಾರ ಗುಂಪಿನವರ ಮುಂದೆ ಹೇಳಿದೆ. ಕೆಲವರು ನನ್ನ ಹೆಗಲು ತಟ್ಟಿದರು, ಕೆಲವರು ದೂರ ಸರಿದರು. ನಿಯಮವನ್ನು ತೆಗೆಯುವ ಬಗ್ಗೆ ಯೋಚಿಸೋಣ ಎಂದರು ಮುಖ್ಯಸ್ಥರು. ಅಂದು ಅಲ್ಲಿ ಇಲ್ಲದವರು ಇನ್ನೂ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇಲ್ಲಿ ಬರೆದಿದ್ದೇನೆ. ಕಾಕಾ ಹೊಲಿದ ಒರೆ ಯಾವತ್ತೂ ಹರಿಯಲಿಲ್ಲ. ಆ ದಿನ ಅವರ ಸೊಂಟದಲ್ಲಿದ್ದದ್ದು ನಾನು ಕೊಟ್ಟದ್ದು.