ಹಾಲು ಆರಿಸುವ ಉಸಿರು

ಹೋದ ವಾರ, ಮಕ್ಕಳಿಗೆ ಊದಲು ಕಲಿಸುವ ರೆಕಾರ್ಡರ್‌ಗಳ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಬರಿದು ಮಾಡುತ್ತಿದ್ದಾಗ ತಳದಲ್ಲಿ ಕೌದಿ ಹೊಲಿಗೆಯ ಉದ್ದನೆಯ ಚೀಲವೊಂದು ಕೈಗೆ ಸಿಕ್ಕಿತು. ಹಳೇ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕೆಂಪು ದಾರದಲ್ಲಿ ಹೊಲಿದದ್ದು. ಮೂಗಿಗೆ ಹಿಡಿದೆ. ಕಟ್ಟಿಗೆ ಒಲೆಯ ಹೊಗೆಯ ವಾಸನೆ ಇನ್ನೂ ಇತ್ತು... ಅಥವಾ ಇದೆ ಅಂತ ನನಗೇ ಅನ್ನಿಸಿತೋ ಏನೋ.

ಆ ಚೀಲ ಹೊಲಿದವರು ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳ ಅವ್ವ. ಯಾದಗಿರಿ ಕಡೆಯವರು. ಪುಣೆಯ ಅಂಚಿನಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಕಾಂಕ್ರೀಟ್ ಹೊರುತ್ತಿದ್ದರು. ಕೆಲಸಗಾರರ ಮಕ್ಕಳಿಗೆಂದು ಅಲ್ಲೇ ತಗಡಿನ ಶೆಡ್ಡಿನಲ್ಲಿ ಪುಟ್ಟ ಶಾಲೆ ನಡೆಯುತ್ತಿತ್ತು. ವಾರಕ್ಕೆರಡು ಸಲ ಹೋಗಿ ನಾನು ಮಕ್ಕಳಿಗೆ ರೆಕಾರ್ಡರ್ ಕಲಿಸುತ್ತಿದ್ದೆ. ನೇರವಾಗಿ ಹಿಡಿದು ಊದುವ ಪ್ಲಾಸ್ಟಿಕ್ ಕೊಳಲು ಅದು. ಹನ್ನೆರಡು ಮಕ್ಕಳು, ಹನ್ನೆರಡು ರೆಕಾರ್ಡರ್. ಪಾಠ ಮುಗಿದ ಮೇಲೆ ಎಲ್ಲವೂ ಪೆಟ್ಟಿಗೆಗೆ ವಾಪಸ್ ಬರಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಆ ನಿಯಮ ಮಾಡಿದವಳು ನಾನೇ.

ರೆಕಾರ್ಡರಿನಲ್ಲಿ ದನಿ ಹುಟ್ಟಿಸುವುದು ಸುಲಭ. ಮೆಲ್ಲಗೆ ಊದುವುದೇ ಕಷ್ಟ. ಆ ಹುಡುಗಿ ಬಾಯಿಗಿಟ್ಟರೆ ಸಾಕು, ಕುಕ್ಕರಿನ ಸೀಟಿ! “ಹಳೂ, ಹಳೂ”, ಮೆಲ್ಲಗೆ ಮೆಲ್ಲಗೆ ಎಂದು ಮರಾಠಿಯಲ್ಲಿ ಕೂಗಿ ಕೂಗಿ ನನ್ನ ಗಂಟಲೇ ಕಟ್ಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಿಸಲಾರದ ನಾನು ಆ ಹುಡುಗಿಯ ಉಸಿರೇ ಸರಿಯಿಲ್ಲ ಅಂದುಬಿಟ್ಟೆ. ಶಾಲೆಯ ಕಾರ್ಯಕ್ರಮ ಹತ್ತಿರ ಬಂದಿತ್ತು. ಅವಳ ಕೈಯಿಂದ ರೆಕಾರ್ಡರ್ ತೆಗೆದುಕೊಂಡು, ನೀನು ಚಪ್ಪಾಳೆ ತಟ್ಟು ಸಾಕು ಎಂದೆ.

ಮುಂದಿನ ಪಾಠದ ದಿನ, ಊಟದ ಬಿಡುವಿನಲ್ಲಿ, ಅವಳ ಅವ್ವ ಬಾಗಿಲಲ್ಲಿ ನಿಂತಿದ್ದರು. ಕೈತುಂಬ ಸಿಮೆಂಟು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಎಂದೋ ಕೇಳಿದ್ದರಂತೆ.

“ಅಕ್ಕೋರ, ನಮ್ಮ ಹುಡುಗಿದು ಏನ್ ತಪ್ಪಾತ್ರಿ? ಊಟಾನ ಬಿಟ್ಟಾಳ.”

“ಭಾಳ ಜೋರ್ ಊದ್ತಾಳ್ರಿ,” ಎಂದೆ.

ಅವರು ನಕ್ಕುಬಿಟ್ಟರು. “ಇಷ್ಟ ಏನ್ರಿ? ದಿನಾ ಒಲಿ ಊದಾಕಿ ಅಕೀನ. ನಾ ಕೆಲಸದಿಂದ ಬರೂದ್ರಾಗ ಬೆಂಕಿ ಹೊತ್ತಿಸಿರ್ತಾಳ. ಕೊಳವಿ ಕಂಡ್ರ ಜೋರ್ ಊದಬೇಕಂತ ತಿಳದಾಳ್ರಿ.” ಹಿಂದೆ ನಿಂತಿದ್ದ ಮಗಳ ಕಡೆ ತಿರುಗಿ, “ತಂಗಿಗೆ ಹಾಲು ಆರಸ್ತಿಯಲ್ಲ, ಹಂಗ ಊದು ನೋಡವಾ” ಎಂದರು.

ಪೆಟ್ಟಿಗೆಯಿಂದ ರೆಕಾರ್ಡರ್ ತೆಗೆದುಕೊಟ್ಟೆ. ಹುಡುಗಿ ಊದಿದಳು. ಒಂದೇ ಸ್ವರ, ದುಂಡಗೆ, ನಡುಕವಿಲ್ಲದೆ ಬಂತು. ನನಗೆ ಅಳುವೇ ಬಂತು. ನಾಚಿಕೆಗೋ ಸಂತೋಷಕ್ಕೋ, ಈಗಲೂ ಹೇಳಲಾರೆ. ಅಂದು ಮಧ್ಯಾಹ್ನ ಎಲ್ಲ ಮಕ್ಕಳಿಗೂ ಬಿಸಿ ಹಾಲು ಆರಿಸುವ ಹಾಗೆ ಊದಲು ಹೇಳಿದೆ. ಶೆಡ್ಡಿನಲ್ಲಿ ಮೊದಲ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಆ ಹುಡುಗಿಯೊಬ್ಬಳಿಗೆ ಮಾತ್ರ ನಿಯಮ ಮುರಿದು ರೆಕಾರ್ಡರನ್ನು ಮನೆಗೆ ಕೊಟ್ಟೆ. ಮುಂದಿನ ಪಾಠಕ್ಕೆ ಅದು ಕೌದಿ ಚೀಲದಲ್ಲಿ ಬಂತು. ಅವಳ ಅವ್ವ ಹೊಲಿದುಕೊಟ್ಟಿದ್ದರು.

ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಗುತ್ತಿಗೆದಾರ ಅವರ ತಂಡವನ್ನೆಲ್ಲ ಪುಣೆಯಾಚೆಯ ಶಿರೂರಿನ ಕೆಲಸಕ್ಕೆ ಹೊರಡಿಸಿದ. ಬೆಳಿಗ್ಗೆ ನಾನು ಗೇಟಿನ ಹತ್ತಿರ ಬರುವಷ್ಟರಲ್ಲಿ ಟೆಂಪೊ ತುಂಬಿತ್ತು. ಪಾತ್ರೆ, ಹಾಸಿಗೆಗಳ ನಡುವೆ ಹುಡುಗಿ ಕೂತಿದ್ದಳು. ನನ್ನನ್ನು ನೋಡಲಿಲ್ಲ. ಅವಳ ಅವ್ವ ಇಳಿದು ಬಂದು ಚೀಲ ಚಾಚಿದರು.

“ನಿಮ್ಮ ಸಾಮಾನು ನಿಮ್ಮ ಕೈಗೆ ಮುಟ್ಟಿದ್ರ ನಮಗ ಸಮಾಧಾನ್ರಿ. ಚೀಲಾನೂ ಇರ್ಲಿ ಬಿಡ್ರಿ.”

ಚಾಚಿದ ಕೈ ಒಂದು ಗಳಿಗೆ ಬಿಡಲಿಲ್ಲ. ಅದು ನನಗೆ ತಿಳಿಯಿತು. ಇರಲಿ, ನೀವೇ ಇಟ್ಟುಕೊಳ್ಳಿ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಪೆಟ್ಟಿಗೆಯಲ್ಲಿ ಹನ್ನೆರಡು ಇರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ತೆಗೆದುಕೊಂಡೆ. “ಛಲೋ ಆತ್ರಿ” ಅಂತ ಬೇರೆ ಅಂದೆ. ಟೆಂಪೊ ಹೊರಟ ಮೇಲೆ, ಅವರ ಫೋನ್ ನಂಬರ್ ಕೂಡ ಕೇಳಲಿಲ್ಲವಲ್ಲ ಎಂದು ಹೊಳೆಯಿತು...

ಈಗ ಬೇರೆ ಕಟ್ಟಡ, ಬೇರೆ ಮಕ್ಕಳು. ಮೊದಲ ಪಾಠ ಮಾತ್ರ ಅದೇ, ಹಾಲು ಆರಿಸುವುದು. ಹೋದ ವಾರ ಚೀಲ ನೋಡಿದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು, “ಇದು ಯಾರದ್ರಿ ಅಕ್ಕೋರ?”

“ಒಬ್ಬಾಕಿದು. ಮರತು ಬಿಟ್ಟು ಹೋಗ್ಯಾಳ,” ಎಂದೆ.

ಸುಳ್ಳು. ಅವರು ಮರೆತಿರಲಿಲ್ಲ. ನಾನೇ ಇಸಿದುಕೊಂಡಿದ್ದೆ.