ಆವಾಜ್ ಬಂದ್ ಮಾಡಿದ ಮೇಡಂ

ಮಧುಮತಿ ಮೇಡಂ ಭಾಳ ಸಿಟ್ಟಿನಾಕಿ ಅಂತಾರ ಮಂದಿ. ಸಿಟ್ಟು ಬರಲಾರದ್ದು ಏನದ ಈ ಸಾಲ್ಯಾಗ? ನಾ ಮಲ್ಕಮ್ಮ, ಗೊಬ್ಬೂರ ಕಡಿ ಹೈಸ್ಕೂಲಿನ್ಯಾಗ ಬಿಸಿಯೂಟ ಮಾಡಾಕಿ. ಮೇಡಂ ಆಳಂದದಾಕಿ, ಕನ್ನಡ ಕಲಸ್ತಾರ. ಬಸ್ಸು ಕೈಕೊಟ್ರ ಟಂಟಂ ಹಿಡದಾದ್ರೂ ಪ್ರಾರ್ಥನಾಕ ಹಾಜರ್.

ಹೋದ ವರ್ಷ ಓದು ಕಲಸಾಕಂತ ಇಪ್ಪತ್ತು ಟ್ಯಾಬ್ ಬಂದ್ವು. ಟ್ಯಾಬ್ ಒಂದು ಸಾಲು ಓದಿ ಹೇಳ್ತದ, ಹುಡುಗರು ಅಕ್ಷರ ನೋಡ್ಕೋತ ಅದರ ಹಿಂದ ಓದಬೇಕು, ಅದು ಕೇಳಿ ಮಾರ್ಕ್ಸ್ ಕೊಡ್ತದ. ಆಗ ಒಂಬತ್ತನೇ ಕ್ಲಾಸಿನ್ಯಾಗಿದ್ದ ನನ್ನ ಮಗಳು ಮೈತ್ರಿಗಿ ನೂರಕ್ಕ ತೊಂಬತ್ತಾರು. ತಾಲೂಕಿಗೇ ನಮ್ಮ ಸಾಲಿ ಫಸ್ಟ್. ಹೆಡ್‌ಮಾಸ್ತರ ಹಣಮಂತರಾಯ ಪೇಢೆ ಹಂಚಿದ. ನಾನೂ ತಿಂದೆ, ಹುಚ್ಚಿ.

ಮೇಡಂಗ ಮಾತ್ರ ಸಂಶೆ. ಒಂದಿನ ಟ್ಯಾಬಿನ ಆವಾಜ್ ಬಂದ್ ಮಾಡಿ, ಈಗ ಓದು ಅಂದ್ರು. ಮೈತ್ರಿಗಿ ಒಂದು ಸಾಲೂ ಓದಾಕ ಬರಲಿಲ್ಲ. ಕ್ಲಾಸಿನ್ಯಾಗ ಯಾರಿಗೂ ಬರಲಿಲ್ಲ. ನಮ್ಮ ಮಂದಿ ಕಿವಿನೇ ಹಾಂಗ್ರಿ, ಕೇಳಿದ್ದು ಮರಿಯಂಗಿಲ್ಲ. ನಮ್ಮಪ್ಪ ದೇವೀಂದ್ರಪ್ಪ ಒಂದಕ್ಷರ ಅರಿಯಾಂವಲ್ಲ, ಭಜನ್ಯಾಗ ಕೂತು ಕೇಳಿ ಕೇಳಿ ನೂರು ಪದ ಬಾಯಿಪಾಠ. ಮೊಮ್ಮಗಳೂ ಅಕ್ಷರ ನೋಡದೇ, ಕೇಳಿದ್ದು ಕೇಳಿದಂಗ ತಿರುಗಿ ಹೇಳ್ಯಾಳ. ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ರಂತ, ಹಾಂಗ ಮಷೀನ್ ಮಾರ್ಕ್ಸ್ ಕೊಟ್ಟದ, ಇವರು ಪೇಢೆ ಹಂಚ್ಯಾರ.

ನನಗ ಮೈಯೆಲ್ಲ ಉರೀತು. ಮೊದಲು ಮೇಡಂ ಮ್ಯಾಗೇ ಹರಿಹಾಯ್ದೆ, ನಾಕ ಮಂದ್ಯಾಗ ಮಗಳ ಮಾನ ಕಳದ್ರಿ ಅಂತ. ಪೂರಾ ಬೈಸಿಕೊಂಡು ಮೇಡಂ ಹೇಳಿದ್ರು, ಮುಂದಿನ ವರ್ಷ ಹತ್ತನೇ ಪರೀಕ್ಷಾದಾಗ ಪ್ರಶ್ನೆ ಯಾರೂ ಓದಿ ಹೇಳಂಗಿಲ್ಲ ಅಂತ. ನಾಪಾಸಾದ್ರ ಆಕಿಗೂ ನನ್ನಂಗ ಮಂದಿ ಒಲಿನೇ ಗತಿ.

ಮೇಡಂ ಹೋಗಿ ಹೆಡ್‌ಮಾಸ್ತರಗ ಖರೇ ಹೇಳಿದ್ರು. ಎಲ್ಲಾರಿಗೂ ಅಕ್ಷರದಿಂದ ಶುರು ಮಾಡೂಣು ಅಂದ್ರು. ಅಂವ, ಸೋಮವಾರ ಶಿಕ್ಷಣ ಇಲಾಖೆ ಸಾಹೇಬ್ರು ನೋಡಾಕ ಬರ್ತಾರ, ಆವಾಜ್ ಚಾಲೂ ಇಡ್ರಿ, ನಿಮ್ಮ ಬಾಯಿ ಬಂದ್ ಇಡ್ರಿ ಅಂದ. ನಾಚಿಗಿಗೇಡಿ.

ಸೋಮವಾರ ಹೆಡ್‌ಮಾಸ್ತರ ಮೈತ್ರಿನ್ನೇ ಸಾಹೇಬನ ಮುಂದ ನಿಂದ್ರಿಸಿದ. ನಾ ಚಹಾ ಹಿಡಕೊಂಡು ಬಾಗಲದಾಗ ಇದ್ದೆ. ಟ್ಯಾಬ್ ಓದಾಕ ಶುರು ಮಾಡ್ತು. ಮೈತ್ರಿ ತನ್ನ ಕೈಲೇ ಆವಾಜ್ ಬಂದ್ ಮಾಡಿದಳು.

"ನನಗ ಓದಾಕ ಬರಂಗಿಲ್ರಿ," ಅಂದಳು. "ಕಲಸ್ರಿ."

ಸಾಹೇಬ ಹೆಡ್‌ಮಾಸ್ತರನ ಮಾರಿ ನೋಡಿದ, ಹೆಡ್‌ಮಾಸ್ತರ ಮೇಡಂ ಮಾರಿ ನೋಡಿದ. ನನ್ನ ಮಗಳ ಮಾರಿ ಒಬ್ಬರೂ ನೋಡಲಿಲ್ಲ. ಸಾಹೇಬ ಚಹಾ ಕುಡದು, ಸಾಲಿ ತಪಾಸಣಿ ವಹಿಯಾಗ ಏನೋ ಬರದು, ಜೀಪ್ ಹತ್ತಿ ಹೋದ. ಏನು ಬರದಾನ ಅಂತ ಕೇಳಿದೆ. ಮೇಡಂ ಓದಿ ಹೇಳಿದ್ರು:

"ಒಂದು ಟ್ಯಾಬ್ ಕೆಟ್ಟಿದೆ. ಬದಲಾಯಿಸಿ ಕೊಡುವುದು."