ಪಟ್ಟಿಗೆ ಬೇಕಾಗಿದ್ದವಳು

ದೊಡ್ಡಬಳ್ಳಾಪುರದ ಆಚೆ, ಹೆದ್ದಾರಿ ಪಕ್ಕದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಕನ್ನಡ ತೆಗೆದುಕೊಳ್ಳುವವರು ಕಡಿಮೆಯಾದ ಮೇಲೆ ನನ್ನನ್ನು ರ‍್ಯಾಂಕಿಂಗ್ ವಿಭಾಗಕ್ಕೆ ಹಾಕಿದರು. ಜಗತ್ತಿನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮದು ಮೇಲೇರುವಂತೆ ಅಂಕಿ ಅಂಶ ಹೊಂದಿಸಿ ಕಳಿಸುವುದು ಅಲ್ಲಿನ ಕೆಲಸ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದರಲ್ಲಿ ನಾನು ನಿಜಕ್ಕೂ ನಿಪುಣನಾದೆ.

ಆಫ್ರಿಕಾದ ಒಂದು ಪುಟ್ಟ ದೇಶದಿಂದ ಬಂದಿದ್ದ ಹೆಂಗಸೊಬ್ಬಳು ನಮ್ಮಲ್ಲಿ ರಾಗಿಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಅವಳ ಇಡೀ ದೇಶಕ್ಕೆ ಇದ್ದದ್ದು ಒಂದೇ ವಿಶ್ವವಿದ್ಯಾಲಯ. ಅಲ್ಲಿ ಉಪನ್ಯಾಸಕಿ, ರಜೆ ಹಾಕಿ ಬಂದಿದ್ದಳು. ಹತ್ತಿರದ ಸಾಸಲು ಹಳ್ಳಿಯ ಹೊಲಗಳಲ್ಲಿ ತೆನೆ ಎಣಿಸುತ್ತಲೇ ಕನ್ನಡ ಕಲಿತಳು. ತಪ್ಪುಗಳನ್ನು ನನ್ನ ಹತ್ತಿರ ಬಂದು ತಿದ್ದಿಸಿಕೊಳ್ಳುತ್ತಿದ್ದಳು. ಅಲ್ಲಿನ ಮುದುಕಿಯೊಬ್ಬಳು "ನಿಮ್ಮೂರಲ್ಲೂ ರಾಗಿ ತಿಂತಾರೇನವ್ವಾ? ಹಂಗಾರೆ ನೀನು ನಮ್ಮೋಳೇ ಬಿಡು" ಅಂದದ್ದನ್ನು ಹತ್ತು ಸಲವಾದರೂ ಹೇಳಿ ನಕ್ಕಿದ್ದಳು. ನಮ್ಮ ಮನೆಯಲ್ಲಿ ಮುದ್ದೆ, ಬಸ್ಸಾರು ಉಂಡವಳು.

ಒಂದು ಬೇಸಿಗೆಯಲ್ಲಿ ಅವಳು ಕಾಗದವೊಂದನ್ನು ಹಿಡಿದು ಬಂದಳು. ಅವಳ ವಿಶ್ವವಿದ್ಯಾಲಯಕ್ಕೂ ಪಟ್ಟಿ ಸೇರುವ ಆಸೆ ಹುಟ್ಟಿತ್ತಂತೆ. ಜೂನ್ ಮುಗಿಯುವುದರೊಳಗೆ ಪಿಎಚ್‌.ಡಿ. ಆಗದವರ ಹುದ್ದೆ ತೆಗೆಯುತ್ತೇವೆಂದು ಬರೆದಿದ್ದರು.

"ಸರ್, ಥೀಸಿಸ್ ಕೊಟ್ಟು ನಾಲ್ಕು ತಿಂಗಳಾಯ್ತು. ಎಕ್ಸಾಮಿನರಿಗೆ ಕಳಿಸಿದ್ರಾ?"

"ವಿಚಾರಿಸ್ತೀನಿ" ಅಂದೆ. ವಿಚಾರಿಸುವುದೇನಿರಲಿಲ್ಲ. ವಿದೇಶಿಯರ ಫೈಲುಗಳೆಲ್ಲ ನಮ್ಮ ವಿಭಾಗದ ಮೂಲಕವೇ ಹೋಗಬೇಕಿತ್ತು; ಪ್ರಬಂಧ ನನ್ನ ಬೀರುವಿನಲ್ಲೇ ಇತ್ತು. ವಿದೇಶಿ ಸಂಶೋಧಕರಿದ್ದರೆ ಪಟ್ಟಿಯಲ್ಲಿ ಅಂಕ ಹೆಚ್ಚು; ಡಿಗ್ರಿ ಸಿಕ್ಕ ದಿನ ಅವಳು ನಮ್ಮ ಲೆಕ್ಕದಿಂದ ಹೊರಗೆ. ಉಳಿದಿಬ್ಬರು ವಿದೇಶಿ ಸಂಶೋಧಕರು ಆಗಲೇ ಬಿಟ್ಟುಹೋಗಿದ್ದರು.

ನಮ್ಮ ವಿಭಾಗದ ನಿರ್ದೇಶಕರ ಬಳಿ ಹೋದೆ. "ಆ ಯಮ್ಮ ಹೋದ್ರೆ ವಿದೇಶಿ ಕಾಲಮ್ಮೇ ಖಾಲಿ ಕಣ್ರೀ. ಪಟ್ಟಿ ಬರೋವರ್ಗೂ ಫೈಲು ಮಲಗಿರ್ಲಿ" ಅಂದರು.

"ಅವ್ರ ಕೆಲ್ಸ ಹೋಗುತ್ತೆ ಸರ್."

"ನಿಮ್ದು ಇರುತ್ತಲ್ಲ?"

ನಾನು ಎದ್ದು ಬಂದೆ. ಎಕ್ಸಾಮಿನರಿಗೆ ಹುಷಾರಿಲ್ಲ, ಹೃದಯದ ತೊಂದರೆ ಎಂದು ಅವಳಿಗೆ ಹೇಳಿದೆ. ಹೃದಯ ಎಂದು ಹೇಳು ಅಂತ ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಸೋಮವಾರ ಅವಳು ಬಂದು, "ಚರ್ಚಲ್ಲಿ ಅವ್ರಿಗೋಸ್ಕರ ಕ್ಯಾಂಡಲ್ ಹಚ್ದೆ ಸರ್. ಈಗ ಹೇಗಿದಾರೆ?" ಅಂದಳು.

"ಪರವಾಗಿಲ್ವಂತೆ" ಅಂದೆ.

ಆಮೇಲೂ ಮೂರು ಸೋಮವಾರ ಬಂದಳು. ಒಂದು ಸಲ ಸ್ವಲ್ಪ ಚೇತರಿಸಿಕೊಂಡಿದ್ದಾರೆ ಅಂದೆ, ಇನ್ನೊಂದು ಸಲ ಮತ್ತೆ ಆಸ್ಪತ್ರೆ ಸೇರಿದ್ದಾರೆ ಅಂದೆ.

ಜೂನ್ ಮುಗಿಯಿತು. ಅವಳ ದೇಶದಲ್ಲಿ ಅವಳ ಜಾಗಕ್ಕೆ ಯುರೋಪಿನ ದೊಡ್ಡ ರ‍್ಯಾಂಕಿನ ವಿಶ್ವವಿದ್ಯಾಲಯದಲ್ಲಿ ಓದಿದ ಯಾರನ್ನೋ ನೇಮಿಸಿದರು. ಆ ಪತ್ರವನ್ನು ಅವಳು ಫೋನಿನಲ್ಲಿ ತೋರಿಸಿದಳು. ಅಳಲಿಲ್ಲ. "ಅವ್ರು ರಾಗಿ ನೋಡೇ ಇಲ್ವಂತೆ ಸರ್" ಅಂದಳು, ಅಷ್ಟೇ.

ಆಗಸ್ಟಿನಲ್ಲಿ ಪಟ್ಟಿ ಬಂತು. ನಾವು ಮೇಲೇರಿದ್ದೆವು. ರಾಗಿ ಹೊಲದಲ್ಲಿ ನಗುತ್ತಾ ನಿಂತ ಅವಳ ಚಿತ್ರದ ಫ್ಲೆಕ್ಸು ಗೇಟಿಗೆ ಏರಿತು. ಸಿಹಿ ಹಂಚಿದ ಮರುದಿನವೇ ನಾನು ಬೀರು ತೆಗೆದು ಪ್ರಬಂಧವನ್ನು ಎಕ್ಸಾಮಿನರಿಗೆ ಕಳಿಸಿದೆ. ಇಪ್ಪತ್ತೇ ದಿನದಲ್ಲಿ ವರದಿ ಬಂದು, ಮೌಖಿಕ ಪರೀಕ್ಷೆಯೂ ನಿಗದಿಯಾಯಿತು.

ಅಂದು ಆ ಎಕ್ಸಾಮಿನರು ಎರಡು ಮಹಡಿಯ ಮೆಟ್ಟಿಲನ್ನು ಚಕಚಕ ಹತ್ತಿ ಬಂದರು. ಇವಳು ಎದ್ದು ನಿಂತು, "ನಿಮ್ಮ ಹೃದಯ ಈಗ ಹೇಗಿದೆ?" ಎಂದು ಕೇಳಿದಳು. ಅವರು ನಕ್ಕುಬಿಟ್ಟರು. "ನನ್ನ ಹೃದಯಕ್ಕೇನಾಗಿದೆಯಮ್ಮ?"

ಅವಳು ನನ್ನ ಕಡೆ ತಿರುಗಿದಳು. ನಾನು ಹಾಜರಾತಿ ಹಾಳೆಯಲ್ಲಿ ಏನನ್ನೋ ತಿದ್ದತೊಡಗಿದೆ.

ಅವಳು ಎಲ್ಲ ಪ್ರಶ್ನೆಗಳಿಗೂ ಚೆನ್ನಾಗಿ ಉತ್ತರಿಸಿದಳು. ಹೊರಡುವ ದಿನ ಎಲ್ಲರ ಕೈ ಕುಲುಕಿ ನನ್ನನ್ನು ದಾಟಿ ಹೋದಳು. ಈಗ ಅವರೂರಿನ ಸ್ಕೂಲೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆಂದು ಯಾರೋ ಹೇಳಿದರು.

ನಾನು ಉಪನಿರ್ದೇಶಕನಾದೆ. ಈ ವರ್ಷ ಅದೇ ದೇಶದಿಂದ, ಪಿಎಚ್.ಡಿ.ಗೆ ಗಡುವು ಹಾಕಿಸಿಕೊಂಡು ಹೊಸದಾಗಿ ಸೇರಿದ ಮೂವರು ಉಪನ್ಯಾಸಕರು ಅರ್ಜಿ ಹಾಕಿದ್ದಾರೆ. ಸಕಾಲಕ್ಕೆ ಡಿಗ್ರಿ ಸಿಗುತ್ತದೆಯೇ ಎಂದು ಮೂವರೂ ಕೇಳಿದ್ದರು. ಸಿಗುತ್ತದೆ ಎಂದು ಬರೆದು, ಸಹಿ ಹಾಕಿ ಕಳಿಸಿದ್ದೇನೆ.